ಹಸಿರು ನೀರು ಕುದಿದ ಬೇಸಿಗೆ

ಹೋದ ತಿಂಗಳು ತವರಿಗೆ ಹೋಗುವಾಗ ಗಡಹಿಂಗ್ಲಜ ದಾಟಿದ ಮೇಲೆ ಸಿಗುವ ಚಡಾವದ ಏರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಮುಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಡ್ರೈವರ್ ಇಳಿದು ಬಾನೆಟ್ ಎತ್ತಿದ. ಕಿಟಕಿಯೊಳಗೆ ಒಂದು ವಾಸನೆ ಬಂತು. ಕೆಮ್ಮಿನ ಔಷಧಿಯನ್ನು ಬಿಸಿ ಮಾಡಿದಂಥ ಸಿಹಿ ವಾಸನೆ. ಎಂಜಿನ್ ಕಾಯದಿರಲೆಂದು ರೇಡಿಯೇಟರಿಗೆ ಹಾಕುವ ಕೂಲಂಟ್ ಕುದಿದರೆ ಬರುವ ವಾಸನೆ ಅದು. ಅದು ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಎಲ್ಲರೂ ಕೆಳಗಿಳಿದು ಬೇವಿನ ಮರದ ನೆರಳಿಗೆ ನಿಂತೆವು. ಬಿಳಿ ಟೊಪ್ಪಿಗೆಯ ಒಬ್ಬ ಹಿರಿಯರು ಹಬೆಯ ಕಡೆ ಕೈ ಮಾಡಿ ಪಕ್ಕದವನಿಗೆ ಹೇಳಿದರು: "ಆ ಕುರುಬರ ಬೀರಪ್ಪ ಕೂಲಂಟ್ ಮಾರ್ಕೊಂಡು ನೀರು ಹಾಕಿ ಪಾಟೀಲರ ಟ್ರ್ಯಾಕ್ಟರ್ ಸುಟ್ಟಿದ್ದು ಇದ ಚಡಾವದಾಗ ನೋಡು."

ಹೇಳಿದ ರೀತಿ ನೋಡಬೇಕಿತ್ತು. ಇಲ್ಲಿ ಒಂದು ಬಾವಿ ಇತ್ತು, ಅಲ್ಲಿ ಒಂದು ಆಲದ ಮರ ಇತ್ತು ಅನ್ನುತ್ತಾರಲ್ಲ, ಹಾಗೆ. ಸಿಟ್ಟಿಲ್ಲ, ಸೆಡವಿಲ್ಲ. ಬೀರಪ್ಪ ನನ್ನ ಒಡಹುಟ್ಟಿದ ತಮ್ಮ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ಸೆರಗು ತಲೆಯ ಮೇಲೆ ಹೊದ್ದುಕೊಂಡು ಬೇರೆ ಕಡೆ ತಿರುಗಿ ನಿಂತೆ. ಆ ಬೇಸಿಗೆಯೆಲ್ಲ ಕಣ್ಣ ಮುಂದೆ ಬಂತು.

ನಮ್ಮದು ನೂಲದ ಕಡೆಯ ಒಂದು ಸಣ್ಣ ಊರು. ಅಪ್ಪ ಕುರಿ ಕಾಯ್ದವನು. ನನ್ನನ್ನು ಓದಿಸಿದ, ಇಚಲಕರಂಜಿಗೆ ಮದುವೆ ಮಾಡಿ ಕೊಟ್ಟ. ಅಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತಮ್ಮನಿಗೆ ಪುಸ್ತಕ ಹತ್ತಲಿಲ್ಲ, ಕುರಿಯೂ ಹತ್ತಲಿಲ್ಲ. ಅವನಿಗೆ ಹತ್ತಿದ್ದು ಸ್ಟೇರಿಂಗು. ಊರಿನ ದೊಡ್ಡ ಒಕ್ಕಲುತನದವರಾದ ಅಪ್ಪಾಸಾಹೇಬ ಪಾಟೀಲರ ಟ್ರ್ಯಾಕ್ಟರಿಗೆ ಡ್ರೈವರ್ ಆಗಿ ಸೇರಿಕೊಂಡ. ಕಬ್ಬಿನ ಹಂಗಾಮು ಬಂತೆಂದರೆ ಎರಡು ಟ್ರಾಲಿ ಹಿಂದೆ ಕಟ್ಟಿಕೊಂಡು ಕಾರ್ಖಾನೆಗೆ ಕಬ್ಬು ಹೊಡೆಯುವುದೇ ಅವನ ಕೆಲಸ. ಅವನಂಥ ಡ್ರೈವರ್ ಈ ಸೀಮೆಯಲ್ಲಿ ಇಲ್ಲ ಎಂದು ಪಾಟೀಲರೇ ನಾಲ್ಕು ಮಂದಿಯ ಮುಂದೆ ಹೇಳುತ್ತಿದ್ದರು. ಅದನ್ನು ಕೇಳಿ ನಮ್ಮವ್ವ ಸೆರಗಿನಲ್ಲಿ ನಗುತ್ತಿದ್ದಳು.

ಬೀರಪ್ಪನದೊಂದು ಪದ್ಧತಿ ಇತ್ತು. ಈ ಚಡಾವ ಶುರುವಾಗುವ ಮೊದಲು ಗಾಡಿ ನಿಲ್ಲಿಸುತ್ತಿದ್ದ. ಒಂದು ಬೀಡಿ ಸೇದಿ, ಎಂಜಿನ್ ತಣಿದ ಮೇಲೆ ರೇಡಿಯೇಟರಿನ ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ ತಿರುವಿ, ನೀರು ನೋಡಿ, ಕಡಿಮೆಯಿದ್ದರೆ ಕ್ಯಾನಿನಿಂದ ಸುರಿದು ಆಮೇಲೆ ಹತ್ತುತ್ತಿದ್ದ. ಹಿಂದೆ ಬರುವ ಗಾಡಿಗಳವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಇವನು ಕ್ಯಾರೇ ಅನ್ನುತ್ತಿರಲಿಲ್ಲ. ಬರೀ ನೀರೇ ಹಾಕುತ್ತಿದ್ದ, ಆದರೆ ನೋಡಿ ಹಾಕುತ್ತಿದ್ದ.

ಆ ವರ್ಷ ಶಿವರಾತ್ರಿ ಮುಗಿಯುವ ಮೊದಲೇ ಬಿಸಿಲು ಏರಿತು. ಕಾರ್ಖಾನೆ ಮುಚ್ಚುವ ದಿನ ಹತ್ತಿರ ಬಂದಿತ್ತು, ಕಬ್ಬು ಇನ್ನೂ ಗದ್ದೆಯಲ್ಲೇ ನಿಂತಿತ್ತು. ಪಾಟೀಲರಿಗೆ ಅವಸರ. ಹಾದಿಯಲ್ಲಿ ನಿಂತು ನಿಂತು ಹೋಗುವುದು ಬೇಡ, ದಿನಕ್ಕೊಂದು ಟ್ರಿಪ್ಪು ಹೆಚ್ಚಿಗೆ ಹೊಡಿ ಎಂದರು. ಅದಕ್ಕೊಂದು ಉಪಾಯವನ್ನೂ ತಂದರು. ಗಡಹಿಂಗ್ಲಜದಲ್ಲಿ ಅವರ ಬೀಗರು, ಮಗಳ ಮಾವ ಶಿವಲಿಂಗಪ್ಪನವರು, ಆಯಿಲ್ ಮತ್ತು ಸ್ಪೇರ್ ಪಾರ್ಟಿನ ಅಂಗಡಿ ಇಟ್ಟಿದ್ದರು. ಅವರಿಂದ ಒಂದು ಕ್ಯಾನ್ ಹಸಿರು ಕೂಲಂಟ್ ಬಂತು. ಇದನ್ನು ಹಾಕಿದರೆ ಎಂಜಿನ್ ಎಷ್ಟು ಕಾದರೂ ಕುದಿಯುವುದಿಲ್ಲ, ಹಂಗಾಮು ಮುಗಿಯುವವರೆಗೆ ಮುಚ್ಚಳ ಮುಟ್ಟಲೇಬಾರದು ಎಂದು ಶಿವಲಿಂಗಪ್ಪನವರು ಬೀರಪ್ಪನಿಗೇ ಫೋನಿನಲ್ಲಿ ಹೇಳಿದರಂತೆ. ತಮ್ಮ ಹಳೆಯ ನೀರು ಬಿಟ್ಟು, ಹಸಿರು ತುಂಬಿ, ಮುಚ್ಚಳ ಬಿಗಿದ. ಪಾಪ, ಪಾಟೀಲರು ತನ್ನ ಗಾಡಿಗೆ ಕೂಲಂಟ್ ತರಿಸಿದರು ಎಂದು ಅವನಿಗೆ ಹೆಮ್ಮೆ ಬೇರೆ.

ಮೊದಲ ದಿನ ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನ, ಎರಡೂ ಟ್ರಾಲಿ ತುಂಬಿಕೊಂಡು, ನಿಲ್ಲಿಸದೆ ಈ ಚಡಾವ ಹತ್ತುವಾಗ ರೇಡಿಯೇಟರ್ ಒಳಗಿದ್ದುದನ್ನೆಲ್ಲ ಹಬೆ ಮಾಡಿ ಉಗುಳಿತು. ಅವನು ಗಾಡಿ ಬದಿಗೆ ತರುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡಿತು. ಪಿಸ್ಟನ್ ಒಳಗೇ ಅಂಟಿ ಕೂತುಬಿಟ್ಟಿತ್ತು.

ಮೆಕ್ಯಾನಿಕ್ ಬಿಚ್ಚಿ ನೋಡಿ, ಇದರೊಳಗೆ ಕೂಲಂಟ್ ಇದ್ದ ಗುರುತೇ ಇಲ್ಲ, ಬರೀ ನೀರಿನ ಮೇಲೆ ಓಡಿಸಿದ್ದೀರಿ ಎಂದ. ಅವನು ಹೇಳಿದ್ದು ಖರೇನೇ ಇತ್ತು. ಆದರೆ ಆ ಮಾತು ಊರಿಗೆ ಬರುವಷ್ಟರಲ್ಲಿ ಬೇರೆಯೇ ಆಗಿತ್ತು. ಪಾಟೀಲರು ಕೂಲಂಟ್ ಕೊಟ್ಟಿದ್ದರು, ಎಂಜಿನ್ನಿನಲ್ಲಿ ನೀರು ಸಿಕ್ಕಿದೆ, ನಡುವೆ ಇದ್ದವನು ಬೀರಪ್ಪ ಒಬ್ಬನೇ. ಹಾಗಾದರೆ ಕೂಲಂಟ್ ಎಲ್ಲಿ ಹೋಯಿತು? ಮಾರಿಕೊಂಡ. ಅಷ್ಟೇ. ಲೆಕ್ಕ ಮುಗಿಯಿತು. ಅಂಗಡಿಯವರನ್ನು ಒಂದು ಮಾತು ಕೇಳೋಣ ಎಂದು ಒಬ್ಬರಿಗೂ ಅನ್ನಿಸಲಿಲ್ಲ ನೋಡಿ! ಬೀಗರಲ್ಲವೇ, ಅವರನ್ನು ಹೇಗೆ ಕೇಳುವುದು?

ಇಷ್ಟರ ಮೇಲೆ ಪಾಟೀಲರು ಇನ್ನೊಂದು ಮಾಡಿದರು. ಬೀರದೇವರ ಗುಡಿಗೆ ಬಾ, ಭಂಡಾರ ಎತ್ತು ಅಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಆಣೆ ಇಲ್ಲ. ದೇವರ ಮುಂದಿನ ಅರಿಸಿನದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮಾತು ಹೇಳಬೇಕು. ಸುಳ್ಳು ಹೇಳಿದರೆ ಮನೆತನ ಉಳಿಯುವುದಿಲ್ಲ ಎಂದು ನಂಬುತ್ತಾರೆ. ಕೊಲೆ, ಹೊಲದ ತಂಟೆ, ಹೆಣ್ಣುಮಕ್ಕಳ ಮಾನ, ಇಂಥದಕ್ಕೆ ಎತ್ತಿಸುತ್ತಾರೆ. ಒಂದು ಕ್ಯಾನ್ ಹಸಿರು ನೀರಿಗೆ ನನ್ನ ತಮ್ಮನಿಂದ ಎತ್ತಿಸಿದರು. ಹಿಂದಿನ ವರ್ಷವಷ್ಟೇ ಗಂಡುಮಗುವಿನ ತಂದೆಯಾದವನು ಊರ ಮುಂದೆ ಭಂಡಾರ ಹಿಡಿದು, ನಾನು ಕೂಲಂಟ್ ಹಾಕಿದ್ದೇನೆ, ಮಾರಿಲ್ಲ ಎಂದು ಹೇಳಿದ. ಹೇಳಿದ ಮೇಲೂ ಪಾಟೀಲರು ಅವನನ್ನು ಕೆಲಸಕ್ಕೆ ತಿರುಗಿ ಕರೆಯಲಿಲ್ಲ. ದೇವರು ನೋಡಿಕೊಳ್ಳುತ್ತಾನೆ ಎಂದು ಎದ್ದು ಹೋದರಂತೆ. ಹಾಗಾದರೆ ಎತ್ತಿಸಿದ್ದು ಯಾವ ಪುರುಷಾರ್ಥಕ್ಕೆ?

ಹತ್ತನೆಯವರ ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದದ್ದು ಅದರ ಮರುದಿನ. ಅವ್ವ ಒಲೆ ಹೊತ್ತಿಸಿರಲಿಲ್ಲ. ತಮ್ಮನ ಹೆಂಡತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಮೈ ಬಿಸಿಯಾಗಿದೆಯೇ ಎಂದು ಗಳಿಗೆಗೊಮ್ಮೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅದಕ್ಕೆ ಜ್ವರ ಇರಲಿಲ್ಲ, ಇವಳ ಎದೆಯಲ್ಲಿ ಹೆದರಿಕೆ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಯಾರೂ ಗಾಡಿ ಕೊಡುವುದಿಲ್ಲ ಎಂದು ಬೀರಪ್ಪ ಹೇಳಿದ. ಡೀಸೆಲ್ಲು, ಟೈರು, ಬ್ಯಾಟರಿ ಎಲ್ಲವನ್ನೂ ನಂಬಿ ಬಿಡುವ ಕೆಲಸ ಅದು. ಕಳ್ಳ ಅನ್ನಿಸಿಕೊಂಡವನಿಗೆ ಯಾರು ಚಾವಿ ಕೊಡುತ್ತಾರೆ?

ನಾನೇ ರೊಟ್ಟಿ ಬಡಿದು ಅವನಿಗೆ ಹಾಕಿದೆ. ಮುರಿಯಲು ಕೈ ಚಾಚಿದಾಗ ನೋಡಿದೆ, ಅಂಗೈಯ ಗೆರೆಗಳಲ್ಲಿ ಭಂಡಾರದ ಹಳದಿ ಇನ್ನೂ ಕೂತಿತ್ತು. ಅದರ ಕೆಳಗೆ, ಉಗುರಿನ ಬುಡದಲ್ಲಿ, ಬೆರಳ ಸಂದಿನಲ್ಲಿ, ಹಸಿರು.

ಇದೇನು ಎಂದು ಕೇಳಿದೆ. ಕೂಲಂಟ್ ಸುರಿಯುವಾಗ ಕೈ ಮೇಲೆ ಚೆಲ್ಲಿತ್ತು, ಸೋಪು ಹಚ್ಚಿ ತಿಕ್ಕಿದರೂ ಹೋಗಲೊಲ್ಲದು ಎಂದ. ಹಾಕಿದ್ದಕ್ಕೆ ಇದೇ ಗುರುತು ಎಂದು ಮಂದಿಗೆ ತೋರಿಸಿದರೂ ಯಾರೂ ಲಕ್ಷ್ಯ ಕೊಡಲಿಲ್ಲವಂತೆ.

ನಾನು ಅಂಥ ಕೈಗಳನ್ನು ದಿನಾ ನೋಡುತ್ತೇನೆ. ಇಚಲಕರಂಜಿಯಲ್ಲಿ ನಮ್ಮ ಓಣಿಯ ಅರ್ಧ ಗಂಡಸರು ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಗೆ ಹೋಗುವವರು. ಭಾನುವಾರ ಸಂತೆಗೆ ಬಂದರೂ ಅವರ ಉಗುರು ನೀಲಿಯೋ ಕೆಂಪೋ ಇರುತ್ತದೆ. ಅದು ಬಟ್ಟೆಯ ಬಣ್ಣ, ಚರ್ಮವನ್ನೂ ಬಟ್ಟೆಯಂತೆಯೇ ಹಿಡಿಯುತ್ತದೆ. ಕೂಲಂಟ್ ಹಾಗೆ ಹಿಡಿಯುವುದಿಲ್ಲ. ನನ್ನ ಗಂಡನ ಹಳೆಯ ಕಾರಿನದು ಎಷ್ಟು ಸಲ ನನ್ನ ಕೈಗೆ ತಾಗಿದೆ, ನೀರಲ್ಲಿ ಅದ್ದಿದರೆ ಹೋಗಿಬಿಡುತ್ತದೆ. ಗಾಡಿ ಕುದಿದಾಗ ಸಿಹಿ ವಾಸನೆ ಬಂತೇನೋ ಎಂದು ಕೇಳಿದೆ.

"ಯಾವ ವಾಸನಿನೂ ಇಲ್ಲಕ್ಕ. ಬಚ್ಚಲದಾಗ ನೀರು ಕಾದಂಗ ಹಬಿ ಬಂತು, ಅಷ್ಟ," ಅಂದ.

ಆಗ ನನಗೆ ಗೊತ್ತಾಯಿತು. ಒಂದು ಚಿಟಿಕೆ ಬಟ್ಟೆಯ ಬಣ್ಣವನ್ನು ಒಂದು ಕ್ಯಾನ್ ನಳದ ನೀರಿಗೆ ಹಾಕಿ ಕೂಲಂಟ್ ಎಂದು ಮಾರಿದ್ದಾರೆ. ಬಣ್ಣಕ್ಕೆ ನಮ್ಮ ಸೀಮೆಯಲ್ಲಿ ಬರವೇ? ನೋಡಿಕೊಂಡು ನೀರು ಹಾಕುತ್ತಿದ್ದವನಿಗೆ ಇನ್ನು ನೋಡಬೇಡ ಎಂದು ಹೇಳಿ ಅದೇ ನೀರನ್ನು ಕೊಟ್ಟಿದ್ದಾರೆ.

ಮರುದಿನವೇ ಇಚಲಕರಂಜಿಗೆ ಹೋಗಿ, ಹೆಡ್‌ಮಾಸ್ತರರ ಅಪ್ಪಣೆ ಪಡೆದು ಶಾಲೆಯ ಥರ್ಮಾಮೀಟರ್ ಒಂದನ್ನು ಸೆರಗಿನಲ್ಲಿ ಸುತ್ತಿ ತಂದೆ. ಕೊಲ್ಲಾಪುರದಲ್ಲಿ ಇಳಿದು ಸೀಲು ಒಡೆಯದ ಕೂಲಂಟ್ ಡಬ್ಬಿ ಕೊಂಡೆ. ಅಂಗಡಿಯಿಂದ ಬಂದ ಕ್ಯಾನು ಪಾಟೀಲರ ಶೆಡ್ಡಿನಲ್ಲೇ ಬಿದ್ದಿತ್ತು, ತಳದಲ್ಲಿ ಅದೇ ಹಸಿರು ಇನ್ನೂ ಉಳಿದಿತ್ತು. ಸಂಜೆ ಬಿಸಿಲು ಇಳಿದ ಮೇಲೆ ಅದೇ ಶೆಡ್ಡಿನ ಮುಂದೆ ಸ್ಟೋ ಹೊತ್ತಿಸಿದೆ. ಪಾಟೀಲರಿಗೆ ನಾನೇ ಹೋಗಿ, ಬೀಗರನ್ನೂ ಕರೆಸಿರಿ ಎಂದು ಹೇಳಿ ಬಂದಿದ್ದೆ. ಕರೆಸಿದ್ದರು. ನಾನು ಸೋಲುವುದನ್ನು ಬೀಗರೂ ನೋಡಲಿ ಅಂತಲೇ ಕರೆಸಿರಬೇಕು. ಊರ ಮಂದಿಯೆಲ್ಲ ಬಂದು ಮುತ್ತಿಕೊಂಡಿತು.

ಥರ್ಮಾಮೀಟರನ್ನು ನಾನೇ ಓದಿದರೆ ಅಕ್ಕ ತಮ್ಮನ ಸಲುವಾಗಿ ಸುಳ್ಳು ಓದಿದಳು ಅಂದಾರು. ಅದಕ್ಕೆ, ಕಣ್ಣು ಚಲೋ ಇದ್ದವರು ಯಾರಾದರೂ ಬಂದು ಗೆರೆ ಓದಿ ಹೇಳಿರಿ ಎಂದೆ. ಪಕ್ಕದ ತೋಟದ ವಸತಿಯ ಒಬ್ಬರು ಚಷ್ಮಾ ಏರಿಸಿಕೊಂಡು ಮುಂದೆ ಬಂದು ಕೂತರು. ದೊಡ್ಡ ಮೀಸೆ, ಗಡಸು ದನಿ. ಮರಾಠಿ ಶಾಲೆಯಲ್ಲಿ ಕಲಿತವರು, ಅಂಕಿಗಳನ್ನು ಮರಾಠಿಯಲ್ಲೇ ಕೂಗುತ್ತಿದ್ದರು.

ಮೂರು ಹಳೆಯ ತಗಡಿನ ಡಬ್ಬಿ ತಂದಿದ್ದೆ, ಮೊದಲನೆಯದರಲ್ಲಿ ಬರೀ ಬಾವಿ ನೀರು ಇಟ್ಟೆ. ಅದು ಕೊತಕೊತ ಕುದಿಯತೊಡಗಿತು. ಪಾದರಸ ಒಂದು ಕಡೆ ಬಂದು ನಿಂತಿತು.

"ಅಠ್ಠ್ಯಾಣ್ಣವ," ಎಂದು ಮೀಸೆಯವರು ಕೂಗಿದರು. ತೊಂಬತ್ತೆಂಟು.

ಶಿವಲಿಂಗಪ್ಪನವರು ಹಲ್ಲು ಬಿಟ್ಟರು. ನೀರು ನೂರಕ್ಕೆ ಕುದಿಯುತ್ತದೆ ಎಂದು ನಾಲ್ಕನೆಯ ಇಯತ್ತೆಯ ಹುಡುಗನಿಗೂ ಗೊತ್ತು, ನಿಮ್ಮ ಕಾಜಿನ ಕಡ್ಡಿಯೇ ಖೋಟಾ ಇದೆ ಎಂದರು. ಮಂದಿಯೂ ನಕ್ಕಿತು. ನನ್ನ ಅವ್ವ ಶೆಡ್ಡಿನ ಬಾಗಿಲ ಮರೆಯಿಂದ ನೋಡುತ್ತಿದ್ದವಳು ತಲೆ ತಗ್ಗಿಸಿದಳು. ನಾನು ಹೇಳಿದೆ: ನೂರು ಸಮುದ್ರದ ದಂಡೆಯ ಲೆಕ್ಕ. ರತ್ನಾಗಿರಿಯಲ್ಲಿ ಇಟ್ಟರೆ ನೂರು ಬರುತ್ತದೆ. ನಾವಿರುವುದು ಘಟ್ಟದ ಮೇಲೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಅಷ್ಟು ಬೇಗ ಕುದಿಯುತ್ತದೆ. ಕಡ್ಡಿ ಖೋಟಾ ಇದ್ದರೆ ಮೂರೂ ಡಬ್ಬಿಗೆ ಖೋಟಾ ಇರಲಿ, ನಮಗೆ ಬೇಕಾದದ್ದು ಯಾವುದು ಎಲ್ಲಿ ನಿಲ್ಲುತ್ತದೆ ಅನ್ನುವುದು.

ಎರಡನೆಯ ಡಬ್ಬಿಗೆ ಕೊಲ್ಲಾಪುರದ ಕೂಲಂಟ್ ಸುರಿದೆ. ಹಬೆ ಒಳ್ಳೆಯದಲ್ಲ ಎಂದು ಮಕ್ಕಳನ್ನು ದೂರ ಅಟ್ಟಿದೆ. ತೊಂಬತ್ತೆಂಟು ಬಂತು, ಗುಳ್ಳೆ ಏಳಲಿಲ್ಲ. ನೂರು ದಾಟಿತು. ಆಗ ಆ ಸಿಹಿ ವಾಸನೆ ಎಲ್ಲರ ಮೂಗಿಗೂ ಬಂತು. "ಏಕಶೇ ಚಾರ" ಎಂದು ಕೂಗಿದ ಮೇಲೆ ಅದು ಕುದಿಯಿತು. ನೂರಾ ನಾಲ್ಕು. ಗಾಡಿಯ ಒಳಗೆ ಮುಚ್ಚಳದ ಒತ್ತಡವೂ ಸೇರಿ ಇನ್ನೂ ಮೇಲೆ ಹೋಗುತ್ತದೆ.

ಇದು ನಮ್ಮದೇ ಮಾಲು ಎಂದು ಶಿವಲಿಂಗಪ್ಪನವರ ಬಾಯಿಂದ ಅನ್ನಿಸಿ, ಮೂರನೆಯದಕ್ಕೆ ಬೀಗರ ಕ್ಯಾನಿನ ಹಸಿರನ್ನು ಬಗ್ಗಿಸಿದೆ. ನೋಡಲು ಎರಡನೆಯದಕ್ಕಿಂತ ಇದೇ ಚೆಂದ, ಗಿಳಿಯ ಬಣ್ಣ. ವಾಸನೆ ಇಲ್ಲ. ಕೊತಕೊತ ಕುದಿಯಿತು. ಮೀಸೆಯವರು ಚಷ್ಮಾ ಒರೆಸಿಕೊಂಡು ಮತ್ತೊಮ್ಮೆ ನೋಡಿ ಕೂಗಿದರು.

"ಅಠ್ಠ್ಯಾಣ್ಣವ."

ಯಾರೂ ನಗಲಿಲ್ಲ. ಶಿವಲಿಂಗಪ್ಪನವರು ಮಾತ್ರ ಸೋಲಲಿಲ್ಲ. ಬಣ್ಣ ಕರಗಿದೆಯಲ್ಲ, ಕರಗಿದ ಮೇಲೆ ಅದೂ ಕೂಲಂಟೇ ಎಂದರು! ಆಗ ಪಾಟೀಲರ ಅಡಿಗೆಮನೆಯಿಂದ ಉಪ್ಪು ತರಿಸಿದೆ. ಮೊದಲ ಡಬ್ಬಿಯನ್ನು ಮತ್ತೆ ಕುದಿಸಿ ಒಂದು ಚಿಟಿಕೆ ಹಾಕಿದೆ. ಪಾದರಸ ಅಲುಗಲಿಲ್ಲ. ಆಮೇಲೆ ಮುಷ್ಟಿ ತುಂಬಿ ಹಾಕಿದೆ. ಬುರ್ರೆಂದು ಉಕ್ಕಿತು, ಹತ್ತಿರ ನಿಂತ ಹೆಂಗಸರು ಹಿಂದೆ ಸರಿದರು. ಉಕ್ಕು ಇಳಿದು ಮತ್ತೆ ಕುದಿ ಬಂದಾಗ ನೂರನ್ನು ದಾಟಿತ್ತು. ನೀರಿನಲ್ಲಿ ಏನಾದರೂ ಕರಗಿದ್ದರೆ ಅದು ನೀರನ್ನು ಸುಲಭಕ್ಕೆ ಹಬೆಯಾಗಲು ಬಿಡುವುದಿಲ್ಲ, ಇನ್ನಷ್ಟು ಬಿಸಿ ಬೇಡುತ್ತದೆ. ಆದರೆ ಸಾಕಷ್ಟು ಕರಗಿರಬೇಕು. ಬಣ್ಣ ಕಣ್ಣಿಗೆ ಕಾಣುತ್ತದೆ, ನೀರಿಗೆ ಅದು ಲೆಕ್ಕಕ್ಕೇ ಇಲ್ಲ. ಹೀಗೆಂದು ಶಾಲೆಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಹಾಗಾದರೆ ರೇಡಿಯೇಟರಿಗೆ ಉಪ್ಪೇ ಹಾಕಿಬಿಡೋಣ ಎಂದು ಶಿವಲಿಂಗಪ್ಪನವರು ಚೇಷ್ಟೆ ಮಾಡಿದರು. ಹಾಕಿರಿ, ತುಕ್ಕು ಹಿಡಿದು ಒಂದೇ ಹಂಗಾಮಿಗೆ ಗುಜರಿಗೆ ಹೋಗುತ್ತದೆ, ನಿಮಗೆ ಮತ್ತೊಂದು ಗಿರಾಕಿ ಆಯಿತು ಎಂದೆ.

ಎಲ್ಲರೂ ಪಾಟೀಲರ ಮುಖ ನೋಡಿದರು. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ಸಾಕಿತ್ತು. ಹೊಸ ಎಂಜಿನ್ನಿನ ಖರ್ಚು ಅವರದು, ಕಾರ್ಖಾನೆ ತಪ್ಪಿದ ನಷ್ಟ ಅವರದು, ಅದನ್ನು ನಾನೇನೂ ಹಗುರ ಮಾಡುವುದಿಲ್ಲ. ಆದರೆ ನಮಗೆ ಬೇಕಾದದ್ದು ಆ ಒಂದು ಮಾತು. ಅವರು ಕೊನೆಗೆ ಎದ್ದು ನಿಂತು ಹೇಳಿದ್ದು ಇಷ್ಟು: "ಬೀಗರೂ ಮೋಸ ಹೋಗ್ಯಾರ. ಅವ್ರಿಗೂ ಎಲ್ಲಿಂದೋ ಬಂದ ಮಾಲು. ಆತು ಬಿಡ್ರಿ. ಬೀರಪ್ಪ, ಎಂಜಿನ್ ಆದ ಮ್ಯಾಲ ಕೆಲಸಕ್ಕ ಬಾ." ಹಾಗೆಂದು ತಮ್ಮನ ಕೈಗೆ ಚಾವಿ ಕೊಟ್ಟರು.

ಅವ್ವ ಕೈ ಮುಗಿದಳು. ನನಗೂ, ಹೋಗಲಿ, ಕೆಲಸ ಉಳಿಯಿತಲ್ಲ ಅನ್ನಿಸಿತು. ಬೀರಪ್ಪ ಮಾತ್ರ ಚಾವಿ ಹಿಡಿದುಕೊಂಡು ನಿಂತೇ ಇದ್ದ. ಅವನು ಹೆಚ್ಚು ಮಾತಾಡುವವನಲ್ಲ. ಅವತ್ತು ಮಾತಾಡಿದ.

"ಸಾಹೇಬ್ರ, ನಾ ಭಂಡಾರ ಎತ್ತೀನ್ರಿ. ಈಗ ಬೀಗರೂ ಎತ್ತಲಿ. ಗೊತ್ತಿಲ್ಲದ ಮಾರೀನಿ ಅಂತ ಒಂದ ಮಾತು ಹೇಳಲಿ. ಗುಡಿ ಇಲ್ಲೇ ಐತಿ."

ಶಿವಲಿಂಗಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ವ್ಯಾಪಾರದಾಗ ದೇವ್ರನ್ನ ತರಬಾರ್ದಪ್ಪ," ಅಂದರು.

ಕೇಳಿದಿರಾ? ಡ್ರೈವರನ ಸಂಬಳದಲ್ಲಿ ದೇವರನ್ನು ತರಬಹುದು, ಅವನ ಕೂಸಿನ ಮೇಲೆ ತರಬಹುದು. ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಮಾತ್ರ ದೇವರು ಬರಬಾರದು. ಅಷ್ಟು ಮಂದಿ ನಿಂತಿದ್ದರಲ್ಲ, ಒಬ್ಬನೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪಾಟೀಲರು, ದೊಡ್ಡವರ ಜೋಡಿ ಹೀಗೆ ಮಾತಾಡಬಾರದು ಎಂದು ತಮ್ಮನಿಗೇ ಬುದ್ಧಿ ಹೇಳಿದರು.

"ಹಂಗಾರ ನನ್ನ ಆಣಿ ನನಗ ಹೊಳ್ಳಿ ಕೊಡ್ರಿ," ಅಂದ ಬೀರಪ್ಪ.

ಯಾರು ಕೊಡುತ್ತಾರೆ? ಅವನು ಆರಿದ ಡಬ್ಬಿಯೊಂದರ ಪಕ್ಕದಲ್ಲಿ ಚಾವಿ ಇಟ್ಟು ಮನೆಗೆ ನಡೆದ. ನಾನು ಥರ್ಮಾಮೀಟರ್ ಒರೆಸಿ, ಸ್ಟೋ ಎತ್ತಿಕೊಂಡು ಅವನ ಹಿಂದೆ ಬಂದೆ. ಆ ಮಳೆಗಾಲಕ್ಕೆ ಅವನು ಹೆಂಡತಿ ಕೂಸನ್ನು ಕರೆದುಕೊಂಡು ಜಯಸಿಂಗಪುರಕ್ಕೆ ಹೋದ. ಈಗಲೂ ಅಲ್ಲಿ ಕಾಯಿಪಲ್ಲೆಯ ಟೆಂಪೋ ಓಡಿಸುತ್ತಾನೆ, ಊರಿಗೆ ಅವ್ವನನ್ನು ನೋಡಲು ಬಂದರೆ ಗಾಡಿಯಿಂದ ಇಳಿದು ನೇರ ಮನೆಗೆ ಬರುತ್ತಾನೆ, ನೇರ ಹೋಗುತ್ತಾನೆ. ಶಿವಲಿಂಗಪ್ಪನವರ ಅಂಗಡಿ ದೊಡ್ಡದಾಗಿದೆ.

ಇಷ್ಟೆಲ್ಲ ನೆನೆದುಕೊಂಡು ಬೇವಿನ ಕೆಳಗೆ ನಿಂತವಳಿಗೆ ಇನ್ನು ತಡೆಯಲಾಗಲಿಲ್ಲ. ಬಿಳಿ ಟೊಪ್ಪಿಗೆಯವರ ಎದುರು ಹೋಗಿ, ನೀವು ಹೇಳಿದ ಬೀರಪ್ಪ ನನ್ನ ತಮ್ಮ, ಅವನು ಏನನ್ನೂ ಮಾರಲಿಲ್ಲ, ಅಂಗಡಿಯವರು ಬಣ್ಣದ ನೀರು ಕೊಟ್ಟಿದ್ದರು, ಊರ ಮುಂದೆ ಕುದಿಸಿ ತೋರಿಸಿದ್ದೇನೆ ಎಂದೆ. ಬಸ್ಸಿನವರೆಲ್ಲ ಇತ್ತ ತಿರುಗಿದರು.

ಅವರು ಚಷ್ಮಾ ಏರಿಸಿ ನನ್ನನ್ನು ನೋಡಿದರು. ಮುಖದ ತುಂಬ ನಗು ಬಂತು, ಬಹಳ ದಿನದ ಮೇಲೆ ಸಿಕ್ಕ ಗುರುತಿನವರನ್ನು ನೋಡಿದ ನಗು.

"ಅಯ್ಯ, ನೀವ್ರಿ, ಸಾಲಿ ಬಾಯಾರ? ಗುರುತ ಹತ್ತಲಿಲ್ಲ ನೋಡ್ರಿ. ನನಗ ಗೊತ್ತಿಲ್ಲೇನ್ರಿ ಅದು? ಅಠ್ಠ್ಯಾಣ್ಣವ ಅಂತ ಓದಿದಾವ ನಾನ ಅಲ್ರಿ." ಮೀಸೆ ಬೋಳಿಸಿದ್ದರು, ದನಿ ಅದೇ. "ಹುಡುಗನ ತಪ್ಪು ಏನೂ ಇರಲಿಲ್ಲ ಬಿಡ್ರಿ. ಆದ್ರ ಮಂದಿ ಹಂಗ ಅಂತಾರ, ನಮ್ಮ ಬಾಯಾಗೂ ಹಂಗ ಬರತೈತಿ."

ಅಷ್ಟರಲ್ಲಿ ಡ್ರೈವರ್ ಬಾನೆಟ್ ಮುಚ್ಚಿ ಎಲ್ಲರನ್ನೂ ಕರೆದ. ಹಿರಿಯರು ಮೊದಲು ನೀವು ಹತ್ತಿರಿ ಬಾಯಾರ ಎಂದು ನನ್ನ ಚೀಲ ಎತ್ತಿ ಕೊಟ್ಟರು. ನಾನು ಅದನ್ನು ಅವರ ಕೈಯಿಂದ ಕಸಿದುಕೊಂಡೆ. ಬಸ್ಸು ಹತ್ತಲಿಲ್ಲ. ಅದು ಹೋದ ಮೇಲೆ ಆ ಚಡಾವವನ್ನು ನಡೆದೇ ಹತ್ತಿದೆ.